ಜೈಗಿಂತ ಮೊದಲು ಸತ್ತವನು

ಮದ್ದೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗುವಾಗ ಚನ್ನಪಟ್ಟಣ ದಾಟಿದರೆ ರಾಮನಗರದ ಬಂಡೆಗಳು ಕಾಣುತ್ತವೆ. 'ಶೋಲೆ ಬೆಟ್ಟ ನೋಡು' ಎಂದು ನಮ್ಮ ಅಬ್ಬಾ ಪ್ರತಿ ಸಲವೂ ತೋರಿಸುತ್ತಾರೆ. 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ'ಯ ರಾಮಗಢ ಇದ್ದದ್ದು ಈ ಬಂಡೆಗಳ ನಡುವೆಯೇ. ಚಿತ್ರ ನೋಡಿದವರೆಲ್ಲ ಜೈ ಸತ್ತಾಗ ಅಳುತ್ತಾರೆ. ನನಗೆ ಮಾತ್ರ ಅಹ್ಮದನ ಸಾವೇ ದೊಡ್ಡದು.

ಅಹ್ಮದ್ (ಸಚಿನ್) ಕಣ್ಣು ಕಾಣದ ಇಮಾಮ್ ಸಾಹೇಬರ (ಎ.ಕೆ. ಹಂಗಲ್) ಮಗ. ಜಬಲ್ಪುರದ ಬೀಡಿ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ. ತಂದೆಯನ್ನು ಬಿಟ್ಟು ಹೋಗಲು ಅವನಿಗೆ ಮನಸ್ಸಿಲ್ಲ. ತಂದೆಯೇ ಒಪ್ಪಿಸಿ ಕಳಿಸುತ್ತಾರೆ. ಪಿಯುಸಿ ಮುಗಿದ ಮೇಲೆ ನಮ್ಮ ಎಷ್ಟೋ ಮನೆಗಳಲ್ಲಿ ನಡೆಯುವುದೂ ಇದೇ ಮಾತುಕತೆ.

ದಾರಿಯಲ್ಲಿ ಗಬ್ಬರ್ ಕೈಗೆ ಸಿಗುತ್ತಾನೆ. ಆಗ ಬಿಡುಗಡೆಯಾದ ಪ್ರತಿಯಲ್ಲಿ ಕೊಲೆ ಕಾಣುವುದಿಲ್ಲ. ಗಬ್ಬರ್ ತನ್ನ ತೋಳಿನ ಮೇಲೆ ಹರಿಯುವ ಹುಳುವೊಂದನ್ನು ಹೊಸಕುತ್ತಾನೆ, ಅಷ್ಟೇ. ಮುಂದೆ ನೋಡಿದರೆ ಕುದುರೆ ಹೆಣ ಹೊತ್ತು ಊರಿಗೆ ಬಂದಿರುತ್ತದೆ.

ಅದೇ ವರ್ಷ ಜೂನ್‌ನಲ್ಲಿ ಅಮೆರಿಕದಲ್ಲಿ ಸ್ಪೀಲ್‌ಬರ್ಗ್ ನಿರ್ದೇಶಿಸಿದ 'ಜಾಸ್' ಬಂದಿತ್ತು. ಅಲ್ಲಿ ರಾಕ್ಷಸ ಒಂದು ಶಾರ್ಕ್ ಮೀನು. ಪ್ರವಾಸಿಗರ ವ್ಯಾಪಾರ ಕೆಡಬಾರದೆಂದು ಊರಿನ ದೊಡ್ಡವರು ಮೊದಲ ಸಾವನ್ನು ಮುಚ್ಚಿಟ್ಟು ಕಡಲತೀರವನ್ನು ತೆರೆದೇ ಇಡುತ್ತಾರೆ. ಅಲೆಕ್ಸ್ ಎಂಬ ಹುಡುಗ ಬಲಿಯಾಗುತ್ತಾನೆ. ಆಗಲೂ ಮೀನು ಸರಿಯಾಗಿ ಕಾಣುವುದಿಲ್ಲ. ಹರಿದ ಹಳದಿ ತೇಲುಹಾಸಿಗೆ ದಡಕ್ಕೆ ಬರುತ್ತದೆ. ಕಪ್ಪು ಬಟ್ಟೆ ತೊಟ್ಟ ತಾಯಿ ಪೊಲೀಸ್ ಅಧಿಕಾರಿಯ ಕೆನ್ನೆಗೆ ಹೊಡೆಯುತ್ತಾಳೆ. ಆ ಏಟಿನವರೆಗೆ ಶಾರ್ಕ್ ಒಂದು ಅಪಾಯ ಮಾತ್ರ. ಆಮೇಲೆ ಅದು ಊರಿನ ತಪ್ಪಿನ ಲೆಕ್ಕ.

ರಾಮಗಢದಲ್ಲೂ ಹಾಗೆಯೇ. ಅಲ್ಲಿಯವರೆಗೆ ಗಬ್ಬರ್ ಠಾಕೂರನೊಬ್ಬನ ಹಗೆ. ಜೈ-ವೀರು ದುಡ್ಡಿಗೆ ಬಂದವರು. ಹೆಣ ನೋಡಿದ ಊರಿನವರು ಹೆದರಿ, ಆ ಇಬ್ಬರನ್ನು ಒಪ್ಪಿಸಿಬಿಡೋಣ ಎನ್ನುತ್ತಾರೆ. ಅವರು ಕೆಟ್ಟವರೇನಲ್ಲ, ಅವರಿಗೂ ಮಕ್ಕಳಿದ್ದಾರೆ. ಆಗ ಮಾತಾಡುವವರು ಇಮಾಮ್ ಸಾಹೇಬರು. ಮಗನ ಜನಾಜಾ ಹೊರುವುದಕ್ಕಿಂತ ದೊಡ್ಡ ಭಾರ ತಂದೆಗೆ ಬೇರೆ ಇಲ್ಲ. ಈ ಮುದುಕನೇ ಅದನ್ನು ಹೊರುತ್ತಿರುವಾಗ ನಿಮಗೆ ಇಷ್ಟು ಕಷ್ಟ ಹೊರಲಾಗದೇ ಎಂದು ಕೇಳುತ್ತಾರೆ. ಅಜಾನ್ ಕೇಳಿಸುತ್ತದೆ, ಅವರು ಮಸೀದಿಯ ಕಡೆ ನಡೆಯುತ್ತಾರೆ. ಬೇರೆ ಯಾರು ಹೇಳಿದ್ದರೂ ಅದು ಭಾಷಣವಾಗುತ್ತಿತ್ತು. ಎಲ್ಲ ಕಳೆದುಕೊಂಡವರು ಹೇಳಿದ್ದರಿಂದ ಊರಿಗೆ ಎದುರು ಮಾತಿಲ್ಲ.

ಒಂದು ದೂರು ನನಗಿದೆ. ಇಷ್ಟಾದ ಮೇಲೆ ಚಿತ್ರ ಅಹ್ಮದನನ್ನು ಬೇಗ ಮರೆಯುತ್ತದೆ. ಬಾವಿಯ ಹತ್ತಿರ ಕೂತು ಹರಟುವ ಒಂದು ದೃಶ್ಯವನ್ನಾದರೂ ಅವನಿಗೆ ಹೆಚ್ಚಿಗೆ ಕೊಡಬಹುದಿತ್ತು.

ನಮ್ಮಣ್ಣ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ಮೇಲೆ, ಟಿವಿಯಲ್ಲಿ ಆ ಕುದುರೆ ಬರುವ ಹೊತ್ತಿಗೆ ಅಮ್ಮಿ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ.