ಜ್ವರ ಇಲ್ಲದಿದ್ರೂ ಡಾಕ್ಟರ್ ಹತ್ರ ಯಾಕೆ?

ಮಗು ಚೆನ್ನಾಗಿ ಆಡ್ಕೊಂಡಿದೆ, ಮತ್ಯಾಕೆ ಡಾಕ್ಟರ್? ಅಜ್ಜಿ ಕೇಳೇ ಕೇಳ್ತಾರೆ. ಹುಷಾರಾಗಿರುವಾಗ್ಲೇ ಹೋಗ್ಬೇಕು. ಜ್ವರ ಬಂದ ದಿನ ಎಲ್ಲರ ಗಮನ ಜ್ವರದ ಮೇಲೆ, ಎತ್ತರ ಯಾರು ಅಳೀತಾರೆ?

ತೂಕ, ಎತ್ತರ ಎರಡನ್ನೂ ಚಾರ್ಟ್‌ನಲ್ಲಿ ಗುರುತು ಹಾಕಿಸಿ. ಒಂದೇ ಚುಕ್ಕೆಯಿಂದ ಹೆಚ್ಚೇನೂ ತಿಳಿಯಲ್ಲ. ಹೋದ ವರ್ಷದ ಚುಕ್ಕೆಗೆ ಸೇರಿಸಿದ್ರೆ ಗೆರೆ ಮೇಲೇರ್ತಿದ್ಯಾ, ಮಲಗಿಬಿಟ್ಟಿದ್ಯಾ ಗೊತ್ತಾಗುತ್ತೆ. ಪಕ್ಕದ್ಮನೆ ಮಗು ಜೊತೆ ಹೋಲಿಕೆ ಬೇಡ, ದಯವಿಟ್ಟು!

ಹಲ್ಲು, ಕಿವಿ, ಮುಖ್ಯವಾಗಿ ಕಣ್ಣು ತೋರಿಸಿ. ಒಂದು ಕಣ್ಣು ಮಂಜಾಗಿದ್ರೆ ಮಗು ಹೇಳಲ್ಲ, ಇನ್ನೊಂದರಲ್ಲೇ ನಿಭಾಯಿಸ್ಕೊಂಡು ಹೋಗುತ್ತೆ.

ಲಸಿಕೆ ವಿವರ ಇರೋ ತಾಯಿ ಕಾರ್ಡ್ ತಗೊಂಡು ಹೋಗಿ. 5–6 ವರ್ಷಕ್ಕೆ ಡಿಪಿಟಿ ಬೂಸ್ಟರ್ ಲಸಿಕೆ ಇದೆ. ಶಾಲೆಗೆ ಸೇರಿಸೋ ಗಡಿಬಿಡೀಲಿ ಮರೆತುಹೋಗೋದು ಸುಲಭ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ.

ಮತ್ತೆ, "ಚುಚ್ಚಲ್ಲ ಬಾ" ಅಂತ ಸುಳ್ಳು ಹೇಳಿ ಕರ್ಕೊಂಡು ಹೋಗ್ಬೇಡಿ. ಮುಂದಿನ ಸಲ ಗೇಟಲ್ಲೇ ಅಳು ಶುರು.