ಮನೆ ತಪ್ಪಿದ ಮೂಕಜೀವಿ

೨೦೧೮ರ ಆಗಸ್ಟ್ ತಿಂಗಳ ಮಹಾಮಳೆಯನ್ನು ಕೊಡಗಿನ ಜನತೆ ಮರೆಯುವಂತಿಲ್ಲ. ಮಡಿಕೇರಿಯ ಸುತ್ತಲಿನ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಮೊದಲಾದೆಡೆ ಬೆಟ್ಟಗಳೇ ಕುಸಿದವು. ಜನರು ಉಟ್ಟ ಬಟ್ಟೆಯಲ್ಲಿಯೇ ಹೊರಟು ಪರಿಹಾರ ಕೇಂದ್ರಗಳನ್ನು ಸೇರಿದರು. ಎಷ್ಟೋ ಮನೆಗಳ ದನಕರುಗಳೂ ನಾಯಿಗಳೂ ಹಿಂದೆಯೇ ಉಳಿದವು. ಬಳಿಕ ಸ್ವಯಂಸೇವಕರು ಬರಿದಾದ ಅಂಗಳಗಳಿಗೆ ಹೋಗಿ ಆ ಪ್ರಾಣಿಗಳಿಗೆ ಆಹಾರವಿತ್ತರು, ಸಾಧ್ಯವಾದವುಗಳನ್ನು ಕರೆತಂದರು. ಇಂತಹ ಸಮಯದಲ್ಲಿ ಬಿಚ್ಚಿಬಿಟ್ಟ ನಾಯಿ ಎತ್ತರದ ನೆಲವನ್ನಾದರೂ ಹುಡುಕಿಕೊಳ್ಳಬಲ್ಲದು. ಸರಪಳಿಯಲ್ಲಿರುವ ನಾಯಿಗೆ ಆ ದಾರಿಯೂ ಇಲ್ಲ.

ತಪ್ಪಿಸಿಕೊಳ್ಳಬಾರದೆಂದೇ ನಾವು ನಾಯಿಯನ್ನು ಕಟ್ಟುತ್ತೇವೆ. ಆದರೆ ಕಟ್ಟಿಹಾಕುವುದೊಂದೇ ಕಾಪಾಡುವ ಉಪಾಯವೇ? ಮನೆಮಂದಿಯೆಲ್ಲರೂ ಯೋಚಿಸಬೇಕಾದ ಪ್ರಶ್ನೆಯಿದು.

ನಾಯಿ ಮನೆ ಬಿಟ್ಟು ಹೋಗುವುದೇಕೆ?

ಮೊದಲನೆಯ ಕಾರಣ ಭಯ. ನಾಯಿಯ ಕಿವಿ ನಮ್ಮದಕ್ಕಿಂತ ಬಹಳ ಸೂಕ್ಷ್ಮ. ಮಡಿಕೇರಿಯಲ್ಲಿ ವಿಜಯದಶಮಿಯ ರಾತ್ರಿ ದಶಮಂಟಪಗಳ ಮೆರವಣಿಗೆ ಬೆಳಗಿನವರೆಗೂ ನಡೆಯುತ್ತದೆ. ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರುತ್ತದೆ. ದೀಪಾವಳಿಯಲ್ಲಿ ಪಟಾಕಿಯಂತೂ ಸರಿಯೆ. ನಮಗೆ ಸಂಭ್ರಮವಾದ ಆ ಸದ್ದು ನಾಯಿಗೆ ಪ್ರಾಣಸಂಕಟ. ಹೆದರಿ ಓಡಿದ ನಾಯಿ ಗುರುತಿನ ದಾರಿಯನ್ನೂ ತಪ್ಪುತ್ತದೆ.

ಎರಡನೆಯದು ಸಂಗಾತಿಯ ಹುಡುಕಾಟ. ಬೆದೆಗೆ ಬಂದ ಹೆಣ್ಣುನಾಯಿಯ ವಾಸನೆಯನ್ನು ಗಂಡುನಾಯಿ ಬಹುದೂರದಿಂದಲೇ ಗ್ರಹಿಸಿ ಬೇಲಿ ಹಾರುತ್ತದೆ. ಮೂರನೆಯದು ಬೇಸರ. ದಿನವಿಡೀ ಒಂಟಿಯಾಗಿ ಕಟ್ಟಿಸಿಕೊಂಡ ನಾಯಿ, ಬಾಗಿಲು ತೆರೆದೊಡನೆ ಓಡುವುದರಲ್ಲಿ ಆಶ್ಚರ್ಯವೇನಿದೆ? ಕಾಫಿ ಕೊಯ್ಲಿನ ದಿನಗಳಲ್ಲಿ ಜನರು ಹೋಗಿಬರುವಾಗ ಗೇಟು ತೆರೆದೇ ಉಳಿಯುವುದೂ ಉಂಟು.

ಹುಡುಕುವ ಕ್ರಮ

ನಾಯಿ ಕಾಣದಾದಾಗ ‘ತಾನಾಗಿಯೇ ಬರುತ್ತದೆ’ ಎಂದು ಸುಮ್ಮನಿರುವುದು ಸಲ್ಲದು. ಮೊದಲು ಮನೆಯೊಳಗೆ, ಮಂಚದಡಿ, ಸೌದೆಯ ಕೊಟ್ಟಿಗೆ, ಗೋದಾಮು, ಚರಂಡಿಗಳನ್ನು ನೋಡಬೇಕು. ಅನಂತರ ಅದು ನಿತ್ಯ ನಡೆಯುವ ದಾರಿಯಲ್ಲಿ, ಅದಕ್ಕೆ ಹೆಚ್ಚು ಸಲುಗೆಯಿರುವವರು ಎಂದಿನ ದನಿಯಲ್ಲಿಯೇ ಹೆಸರು ಹಿಡಿದು ಕರೆಯುತ್ತ ಹೋಗಬೇಕು. ಕೂಗಾಟ, ಗುಂಪುಗೂಡಿ ಅಟ್ಟಿಸಿಕೊಂಡು ಹೋಗುವುದು ಬೇಡ. ಹೆದರಿದ ನಾಯಿ ಒಡೆಯನನ್ನೇ ಕಂಡರೂ ಓಡಬಹುದು. ಕಂಡಾಗ ನೆಲದ ಮೇಲೆ ಕುಳಿತು, ತಿನಿಸು ಹಿಡಿದು, ಅದು ತಾನಾಗಿ ಬರುವವರೆಗೆ ಕಾಯುವುದು ಲೇಸು. ಗೇಟಿನ ಬಳಿ ಅದರ ಹಾಸಿಗೆಯನ್ನೂ ಮನೆಯವರು ಉಟ್ಟ, ಒಗೆಯದ ಬಟ್ಟೆಯನ್ನೂ ಇಟ್ಟರೆ ವಾಸನೆ ಹಿಡಿದು ಮರಳಬಹುದು.

ಕೊಡಗಿನಲ್ಲಿ ಇನ್ನೊಂದು ಎಚ್ಚರ ಅಗತ್ಯ. ಕಾಡುಹಂದಿಗೆಂದು ಕೆಲವರು ಕಾನೂನುಬಾಹಿರವಾಗಿ ಒಡ್ಡುವ ತಂತಿಯ ಉರುಲಿಗೆ ನಾಯಿ ಸಿಲುಕಿರಬಹುದು. ಆದುದರಿಂದ ನಡುನಡುವೆ ನಿಂತು, ನರಳುವ ದನಿ ಕೇಳಿಸುವುದೇ ಎಂದು ಆಲಿಸಬೇಕು. ಆದರೆ ಕಾಡಾನೆಗಳು ಸಂಚರಿಸುವ ತೋಟಗಳಿಗೆ ಕತ್ತಲೆಯಲ್ಲಿ ಒಬ್ಬರೇ ಹೋಗಕೂಡದು. ತೋಟದವರಿಗೆ ತಿಳಿಸಿ, ಜೊತೆಗೂಡಿ ಹಗಲಿನಲ್ಲಿ ಹೋಗುವುದು ಕ್ಷೇಮ.

ಹಾಲಿನವರು, ಪತ್ರಿಕೆ ಹಂಚುವ ಹುಡುಗರು, ಆಟೋ ನಿಲ್ದಾಣ, ಲೈನುಮನೆಗಳ ಕಾರ್ಮಿಕರು, ಪಶುವೈದ್ಯರು, ನಗರಸಭೆ ಅಥವಾ ಪಂಚಾಯಿತಿ — ಎಲ್ಲರಿಗೂ ಅಂದೇ ಸುದ್ದಿ ಮುಟ್ಟಿಸಬೇಕು. ಭಾವಚಿತ್ರದೊಡನೆ ದೂರವಾಣಿ ಸಂಖ್ಯೆಯನ್ನು ಅಂಗಡಿಗಳಲ್ಲಿ ಅಂಟಿಸಿ, ವಾಟ್ಸಾಪ್ ಬಳಗಗಳಿಗೂ ಕಳುಹಿಸಬಹುದು. ಒಂದು ಗುರುತನ್ನು ಮಾತ್ರ ಪ್ರಕಟಿಸದೆ ಉಳಿಸಿಕೊಳ್ಳಿರಿ. ನಾಯಿ ಸಿಕ್ಕಿತೆಂದು ಹೇಳಿ ಹಣ ಕೇಳುವವರ ಸತ್ಯಾಸತ್ಯವನ್ನು ಆ ಗುರುತಿನಿಂದ ಅರಿಯಬಹುದು.

ಮರಳಿ ಬಂದ ನಾಯಿಯನ್ನು ಹೊಡೆಯಲೇಬಾರದು. ಹೋದುದಕ್ಕಲ್ಲ, ಬಂದುದಕ್ಕೇ ಶಿಕ್ಷೆಯೆಂದು ಅದು ತಿಳಿಯುತ್ತದೆ. ಜಿಗಣೆ, ಉಣ್ಣೆ, ಗಾಯಗಳನ್ನು ನೋಡಿ, ಕಚ್ಚಿದ ಗುರುತಿದ್ದರೆ ಕೂಡಲೇ ಪಶುವೈದ್ಯರಲ್ಲಿಗೆ ಒಯ್ಯಬೇಕು.

ಮುಂಜಾಗ್ರತೆ

ಕೊರಳಪಟ್ಟಿಯ ಮೇಲೆ ದೂರವಾಣಿ ಸಂಖ್ಯೆಯನ್ನು ಬರೆಸುವುದು ಅಲ್ಪ ವೆಚ್ಚದ, ದೊಡ್ಡ ರಕ್ಷಣೆ. ಪಟ್ಟಿಯಿಲ್ಲದ ಸಾಕುನಾಯಿಯನ್ನು ಕಂಡವರು ಬೀದಿನಾಯಿಯೆಂದೇ ಎಣಿಸುವರು. ಅಕ್ಕಿಕಾಳಿನಷ್ಟು ಗಾತ್ರದ ಮೈಕ್ರೋಚಿಪ್ಪನ್ನು ಪಶುವೈದ್ಯರು ಚರ್ಮದಡಿಯಲ್ಲಿ ಸೇರಿಸುತ್ತಾರೆ. ಅದರಲ್ಲಿ ೧೫ ಅಂಕಿಗಳ ಸಂಖ್ಯೆಯಿರುತ್ತದೆ. ಅದು ನಾಯಿ ಎಲ್ಲಿದೆಯೆಂದು ತೋರಿಸದು. ಸಿಕ್ಕ ನಾಯಿ ಯಾರದೆಂದು ತಿಳಿಯಲು ಮಾತ್ರ ನೆರವಾಗುತ್ತದೆ. ಸಂತಾನಹರಣ ಚಿಕಿತ್ಸೆಯಿಂದ ಅಲೆದಾಟ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ರೇಬೀಸ್ ಲಸಿಕೆಯನ್ನು ವೈದ್ಯರು ಹೇಳಿದ ಕಾಲಕ್ಕೆ ತಪ್ಪದೆ ಹಾಕಿಸಬೇಕು.

ಹಬ್ಬದ ರಾತ್ರಿಗಳಲ್ಲಿ ನಾಯಿಯನ್ನು ಸಂಜೆಗೆ ಮುನ್ನವೇ ಒಳಕೋಣೆಗೆ ಸೇರಿಸಿರಿ. ತೋಟದ ಮನೆಗಳಲ್ಲಿ ಚಿರತೆಯ ಭಯವೂ ಇರುವುದರಿಂದ ರಾತ್ರಿ ಹೊರಗೆ ಬಿಡದಿರುವುದೇ ಒಳಿತು. ಭದ್ರವಾದ ಬೇಲಿ, ದಿನಕ್ಕೆರಡು ಬಾರಿಯ ನಡಿಗೆ, ಹೊತ್ತಿಗೆ ಸರಿಯಾದ ಊಟ, ಕರೆದೊಡನೆ ಬಂದರೆ ಒಂದು ತುತ್ತು, ಎರಡು ಒಳ್ಳೆಯ ಮಾತು — ಇವು ನಾಯಿಯನ್ನು ಮನೆಗೆ ಕಟ್ಟುವ ಕಾಣದ ಹಗ್ಗಗಳು. ಈ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರಿಗೂ ಹೊಣೆಗಾರಿಕೆಯ ಪಾಠವಾಗುತ್ತದೆ.

ಮಳೆಗಾಲದಲ್ಲಿ ಊರು ಬಿಡಬೇಕಾಗಿ ಬಂದರೆ ನಾಯಿಯನ್ನೂ ಜೊತೆಗೆ ಕರೆದೊಯ್ಯಿರಿ. ಅದು ಎಷ್ಟುಮಾತ್ರಕ್ಕೂ ಸಾಧ್ಯವಾಗದಿದ್ದರೆ, ಹೊರಡುವ ಮುನ್ನ ಸರಪಳಿಯನ್ನು ಬಿಚ್ಚುವುದನ್ನು ಮರೆಯದಿರಿ.

ಸಕಲ ಜೀವಿಗಳಲ್ಲಿ ದಯೆಯಿರಬೇಕೆಂಬುದು ಶರಣರು ತೋರಿದ ದಾರಿ. ದಾಸೋಹದ ಸಂಸ್ಕಾರವುಳ್ಳ ನಮ್ಮ ಮನೆಗಳ ಬಾಗಿಲಿಗೆ, ಕೊರಳಲ್ಲಿ ಪಟ್ಟಿಯಿರುವ, ಬಳಲಿದ ನಾಯಿಯೊಂದು ಬಂದು ನಿಂತರೆ ಕಲ್ಲೆಸೆದು ಅಟ್ಟಬಾರದು. ದೂರದಿಂದಲೇ ಒಂದು ಬಟ್ಟಲು ನೀರಿಟ್ಟು, ನೆರೆಹೊರೆಯಲ್ಲಿ ವಿಚಾರಿಸೋಣ. ಎಲ್ಲಿಯೋ ಒಂದು ಮನೆಯವರು ಗೇಟು ತೆರೆದಿಟ್ಟು, ಅದರ ದಾರಿಯನ್ನೇ ಕಾಯುತ್ತಿರುತ್ತಾರೆ.