ಸದ್ದಿಲ್ಲದ ವಾದ್ಯ

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಹೊಸದಾಗಿ ಕೊಂಡ ಕೀಲಿಮಣೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೆ ಬಂದ. ಮರುದಿನ ಸಂಜೆ ಊರಿನ ಸಭಾಂಗಣದಲ್ಲಿ ಸುಗಮ ಸಂಗೀತದ ಕಾರ್ಯಕ್ರಮ. ಗಾಯಕಿಯೊಬ್ಬರಿಗೆ ಅವನು ಪಕ್ಕವಾದ್ಯ ನುಡಿಸಬೇಕಾಗಿತ್ತು. ನೋಡುವುದಕ್ಕೆ ಆ ಕೀಲಿಮಣೆ ಹಾರ್ಮೋನಿಯಮ್ಮಿನ ತಮ್ಮನಂತಿತ್ತು. ಬಿಳಿಯ, ಕರಿಯ ಕೀಲಿಗಳು. ಎಡಬದಿಗೆ ಎರಡು ಚಕ್ರಗಳು. ಮೇಲೆ ಸಾಲಾಗಿ ಎಂಟು ತಿರುಗುಗುಂಡಿಗಳು. "ಎಲ್ಲಿ, ಒಂದು ಷಡ್ಜ ಕೇಳಿಸು ನೋಡೋಣ" ಎಂದೆ. ಅವನು ಕೀಲಿಯನ್ನೊತ್ತಿದ. 'ಟಕ್' ಎಂಬ ಪ್ಲಾಸ್ಟಿಕ್ಕಿನ ಸದ್ದಿನ ಹೊರತು ಮತ್ತೇನೂ ಕೇಳಿಸಲಿಲ್ಲ. "ಕೆಟ್ಟಿದೆಯೇನಪ್ಪಾ?" ಎಂದೆ. ಅವನು ನಕ್ಕು, "ಇಲ್ಲ ಮೇಷ್ಟ್ರೇ, ಇದಕ್ಕೆ ದನಿಯೇ ಇಲ್ಲ. ಇದು ಅಪ್ಪಣೆ ಕೊಡುತ್ತದೆ, ಅಷ್ಟೇ, ನುಡಿಯುವವರು ಬೇರೆ" ಎಂದ.

ಇದನ್ನು ಮಿಡಿ ನಿಯಂತ್ರಕ ಎನ್ನುತ್ತಾರೆ. ತಂತಿಯನ್ನು ಮಿಡಿಯುವುದೆಂಬ ಮಾತು ನಮ್ಮಲ್ಲಿ ಇರುವುದರಿಂದ ಹೆಸರು ಕನ್ನಡದ್ದೇ ಇರಬೇಕೆಂದು ಯಾರಾದರೂ ಭ್ರಮಿಸಿಯಾರು. ಆದರೆ ಅದು 'ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್' ಎಂಬ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿದ ಹೆಸರು. ವಾದ್ಯವಾದ್ಯಗಳು ತಮ್ಮತಮ್ಮೊಳಗೆ ಮಾತನಾಡಿಕೊಳ್ಳಲು ಒಪ್ಪಿಕೊಂಡ ಸಂಖ್ಯಾಭಾಷೆ ಎಂದು ಅದರ ಭಾವಾರ್ಥ.

ಇಂಥ ಭಾಷೆಯೊಂದು ಬೇಕಾಯಿತೇಕೆ? 1970ರ ದಶಕದಲ್ಲಿ ವಿದ್ಯುತ್ತಿನಿಂದ ನಾದವನ್ನು ಹುಟ್ಟಿಸುವ ಸಿಂಥಸೈಸರ್‌ಗಳು ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಬಳಕೆಗೆ ಬಂದಿದ್ದವು. ಆದರೆ ಒಬ್ಬರು ಮಾಡಿದ ವಾದ್ಯದ ಸಂಜ್ಞೆ ಇನ್ನೊಬ್ಬರ ವಾದ್ಯಕ್ಕೆ ಸಾಮಾನ್ಯವಾಗಿ ತಿಳಿಯುತ್ತಿರಲಿಲ್ಲ. ಜಪಾನಿನ ರೋಲೆಂಡ್ ಸಂಸ್ಥೆಯ ಇಕುತಾರೋ ಕಾಕೆಹಾಶಿ, ಅಮೆರಿಕದ ಸೀಕ್ವೆನ್ಶಿಯಲ್ ಸರ್ಕಿಟ್ಸ್ ಸಂಸ್ಥೆಯ ಡೇವ್ ಸ್ಮಿತ್ ಮತ್ತು ಇನ್ನೂ ಕೆಲವರು ಒಂದು ಒಡಂಬಡಿಕೆಗೆ ಬಂದರು. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯ ಪ್ರದರ್ಶನವೊಂದರಲ್ಲಿ ಈ ಎರಡು ಸಂಸ್ಥೆಗಳ ವಾದ್ಯಗಳನ್ನು ಒಂದು ತಂತಿಯಿಂದ ಕೂಡಿಸಿದರು. ಒಂದನ್ನು ನುಡಿಸಿದರೆ ಇನ್ನೊಂದೂ ನುಡಿಯಿತು. ವ್ಯಾಪಾರದಲ್ಲಿ ಎದುರಾಳಿಗಳಾಗಿದ್ದವರು ಈ ಭಾಷೆಯ ಬಳಕೆಗೆ ಯಾರಿಂದಲೂ ಶುಲ್ಕ ಕೇಳಲಿಲ್ಲವೆಂಬುದು ನನಗೆ ಆ ತಂತಿಗಿಂತಲೂ ದೊಡ್ಡ ಸಂಗತಿಯಾಗಿ ತೋರುತ್ತದೆ. 2013ರಲ್ಲಿ ಅವರಿಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪುರಸ್ಕಾರ ಸಂದಿತು.

ಈ ಭಾಷೆ ಬಲು ಮಿತವಾದುದು. ಕೀಲಿಯನ್ನು ಒತ್ತಿದೊಡನೆ ಮೂರು ಸಂಖ್ಯೆಗಳು ಹೊರಡುತ್ತವೆ. ಮೊದಲನೆಯದು 'ಸ್ವರ ಆರಂಭವಾಯಿತು' ಎಂಬುದನ್ನೂ, ಹದಿನಾರು ವಾಹಿನಿಗಳಲ್ಲಿ ಯಾವುದಕ್ಕೆ ಈ ಮಾತು ಸೇರಿದ್ದು ಎಂಬುದನ್ನೂ ಹೇಳುತ್ತದೆ. ಎರಡನೆಯದು ಯಾವ ಸ್ವರ ಎಂಬುದನ್ನು. ಮೂರನೆಯದು ಕೀಲಿ ಎಷ್ಟು ವೇಗವಾಗಿ ಕೆಳಗಿಳಿಯಿತು ಎಂಬುದನ್ನು. ಸ್ವರಕ್ಕೂ ವೇಗಕ್ಕೂ 0ಯಿಂದ 127ರವರೆಗಿನ ಅಂಕೆಗಳಷ್ಟೇ ಉಂಟು. ಪಾಶ್ಚಾತ್ಯರ ಮಧ್ಯದ 'ಸಿ' ಸ್ವರ 60. ಅದರ ಪಕ್ಕದ ಕರಿಯ ಕೀಲಿ 61. ವೇಗವನ್ನು ಅಳೆಯುವ ಉಪಾಯವೂ ಸರಳ. ಕೀಲಿಯ ಅಡಿಯಲ್ಲಿ ಒಂದಾದ ಮೇಲೊಂದು ತಾಗುವ ಎರಡು ವಿದ್ಯುತ್ ಸಂಪರ್ಕಗಳಿರುತ್ತವೆ. ಎರಡರ ನಡುವಣ ಕಾಲ ಕಡಿಮೆಯಾದಷ್ಟೂ ಹೊಡೆತ ಬಲವಾದದ್ದೆಂದು ಲೆಕ್ಕ. ಬೆರಳನ್ನೆತ್ತಿದಾಗ 'ಸ್ವರ ಮುಗಿಯಿತು' ಎಂಬ ಇನ್ನೊಂದು ಸಂದೇಶ ಹೋಗುತ್ತದೆ. ಹಳೆಯ ಮಿಡಿ ತಂತಿಯಲ್ಲಿ ಇಂಥ ಒಂದು ಸಂದೇಶ ಸಾಗಲು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಸಾಕು. ಸ್ವರಲಿಪಿಯ ಪುಸ್ತಕ ತಾನೇ ಹಾಡುವುದಿಲ್ಲವಷ್ಟೆ? ಇದೂ ಹಾಗೆಯೇ. ತಂತಿಯಲ್ಲಿ ಹರಿಯುವುದು ನಾದವಲ್ಲ, ಕೈ ಮಾಡಿದ ಕೆಲಸದ ವರದಿ. ಆ ವರದಿಯನ್ನು ಓದಿ ವೀಣೆಯ ದನಿಯನ್ನೋ ಕೊಳಲಿನ ದನಿಯನ್ನೋ ಹೊರಡಿಸುವುದು ಅತ್ತಲಿನ ಯಂತ್ರದ ಕೆಲಸ. ನನ್ನ ಶಿಷ್ಯನಿಗೆ ಅದು ಅವನ ಲ್ಯಾಪ್‌ಟಾಪ್.

ಆದಕಾರಣ ಈ ವಾದ್ಯಕ್ಕೆ ಶ್ರುತಿ ಮಾಡುವುದೆಂದರೆ ಬಿರಡೆ ತಿರುಗಿಸುವುದಲ್ಲ. ಕೊಡುವವನಿಗೂ ಕೇಳುವವನಿಗೂ ಒಪ್ಪಂದ ಮಾಡಿಸುವುದು. ನಮ್ಮ ನಡುಮನೆಯಲ್ಲಿ ಚಾಪೆ ಹಾಸಿ ಕುಳಿತು ಅವನು ಆ ಕೆಲಸಕ್ಕೆ ತೊಡಗಿದ. ತಂತಿಯನ್ನು ಕೂಡಿಸಿ ಕೀಲಿಯನ್ನೊತ್ತಿದರೂ ಮೌನ. ಕೀಲಿಮಣೆ ಒಂದನೆಯ ವಾಹಿನಿಯಲ್ಲಿ ಹೇಳುತ್ತಿತ್ತು, ವೀಣೆಯ ದನಿ ಎರಡನೆಯದಕ್ಕೆ ಕಿವಿಗೊಟ್ಟಿತ್ತು. ಎರಡನ್ನೂ ಒಂದಾಗಿಸಿದೊಡನೆ ಮನೆಯಲ್ಲಿ ವೀಣೆ ಮೊಳಗಿತು. ಒಳಗಿದ್ದವರು ಹೊರಗೆ ಬಂದು ನೋಡಿದರು. ಆಮೇಲೆ ಕೀಲಿಗಳನ್ನು ಇಬ್ಭಾಗ ಮಾಡಿ, ಎಡಗೈಗೆ ತಂಬೂರಿಯನ್ನೂ ಬಲಗೈಗೆ ವೀಣೆಯನ್ನೂ ಬೇರೆಬೇರೆ ವಾಹಿನಿಗಳಲ್ಲಿ ಇರಿಸಿದ. ಗಾಯಕಿಯ ಶ್ರುತಿ ಐದೂವರೆ ಮನೆ. ಅವನ ಬೆರಳಿಗೆ 'ಸಿ'ಯನ್ನು ಷಡ್ಜವಾಗಿ ಹಿಡಿದು ಅಭ್ಯಾಸ. ಎಲ್ಲ ಸ್ವರಗಳಿಂದಲೂ ನಾಲ್ಕನ್ನು ಕಳೆಯುವಂತೆ ಕೀಲಿಮಣೆಗೆ ಹೇಳಿದ. ಬೆರಳು 60ನ್ನು ಒತ್ತಿದರೆ ತಂತಿಯಲ್ಲಿ 56 ಹೋಗತೊಡಗಿತು. ಹಾರ್ಮೋನಿಯಮ್ಮಿನವರು ಇಂಥ ಸೌಕರ್ಯವನ್ನು ಕಂಡು ಹೊಟ್ಟೆಕಿಚ್ಚು ಪಡಬಹುದು.

ತಿರುಗುಗುಂಡಿಗಳ ಕಥೆ ಬೇರೆ. ಅವು ಕಳುಹಿಸುವುದು 'ನಿಯಂತ್ರಣ ಸಂಖ್ಯೆ' ಮತ್ತು ಅದರ ಬೆಲೆ. 7 ಎಂದರೆ ದನಿಯ ಪ್ರಮಾಣ, 64 ಎಂದರೆ ಸ್ವರವನ್ನು ಹಿಡಿದಿಡುವ ಕಾಲಮೆಟ್ಟು, ಹೀಗೆ ಕೆಲವಕ್ಕೆ ಎಲ್ಲರೂ ಒಪ್ಪಿದ ಅರ್ಥವುಂಟು. ಹಲವಕ್ಕೆ ಅರ್ಥವನ್ನು ನಾವೇ ಕೊಡಬೇಕು. ಪರದೆಯ ಮೇಲೆ ವೀಣೆಯ ಪ್ರಮಾಣವನ್ನು ತೋರಿಸಿ, 'ಕಲಿ' ಎಂಬುದನ್ನೊತ್ತಿ, ಬೇಕಾದ ಗುಂಡಿಯನ್ನು ಒಮ್ಮೆ ತಿರುಗಿಸಿದರೆ ಅವೆರಡಕ್ಕೂ ಗಂಟು ಬೀಳುತ್ತದೆ. ಇದು ಸುಲಭ, ಅಪಾಯವಿರುವುದು ಮುಂದೆ. ಗಣಕದಲ್ಲಿ ಪ್ರಮಾಣ 30 ಇದ್ದು, ಗುಂಡಿ ಹಿಂದೆ ಯಾವಾಗಲೋ 110ರಲ್ಲಿ ನಿಂತಿದ್ದರೆ, ಮುಟ್ಟಿದ ಕ್ಷಣದಲ್ಲಿಯೇ ದನಿ 110ಕ್ಕೆ ನೆಗೆಯುತ್ತದೆ. ಗಾಯಕಿ ಮೆಲುದನಿಯಲ್ಲಿ ಚರಣವನ್ನು ಎತ್ತಿಕೊಂಡಾಗ ಹಾಗಾದರೆ ಸಭೆಯ ಗತಿಯೇನು? ಗುಂಡಿ ಗಣಕದ ಬೆಲೆಯನ್ನು ದಾಟುವವರೆಗೆ ಅದರ ಮಾತನ್ನು ಕೇಳಬಾರದೆಂದು ಆಜ್ಞೆ ಕೊಡಬಹುದು. ಅವನು ಅದನ್ನು ಮರೆಯದೆ ಕೊಟ್ಟ. ಪ್ರತಿ ಗುಂಡಿಯ ಕೆಳಗೂ ಕಾಗದದ ಚೀಟಿ ಅಂಟಿಸಿ ಹೆಸರು ಬರೆದ. ಅಕ್ಷರ ಶಾಲೆಯಲ್ಲಿದ್ದಾಗಿನಂತೆಯೇ ವಕ್ರವಾಗಿತ್ತು.

ಮರುದಿನ ಸಭಾಂಗಣದಲ್ಲಿ, ಜನ ಸೇರುವ ಮೊದಲು, ಒಂದು ಫಜೀತಿ ನಡೆಯಿತು. ಅವನು ತಂಬೂರಿಯ ಕೀಲಿಯನ್ನು ಒತ್ತಿ ಹಿಡಿದಿದ್ದಾಗ ಯಾರದೋ ಕಾಲು ತಗುಲಿ ತಂತಿ ಕಳಚಿತು. ಬೆರಳೆತ್ತಿದ, ತಂಬೂರಿ ನಿಲ್ಲಲಿಲ್ಲ. ಏಕೆಂದರೆ 'ಸ್ವರ ಮುಗಿಯಿತು' ಎಂಬ ಸಂದೇಶ ತಲುಪಲೇ ಇಲ್ಲ. ಗಣಕದ ಪಾಲಿಗೆ ಆ ಬೆರಳು ಇನ್ನೂ ಕೀಲಿಯ ಮೇಲೆಯೇ ಇತ್ತು. ಗಾಯಕಿ ಗಾಬರಿಯಿಂದ ಅವನ ಮುಖ ನೋಡಿದರು. ಕೀಲಿಮಣೆಯಿಂದ ಏನು ಮಾಡಿದರೂ ಪ್ರಯೋಜನವಿರಲಿಲ್ಲ, ದಾರಿಯೇ ಕಡಿದಿತ್ತಲ್ಲ! ಅವನು ಗಣಕದಲ್ಲಿಯೇ 'ಎಲ್ಲ ಸ್ವರಗಳೂ ನಿಲ್ಲಲಿ' ಎಂಬ ಆಜ್ಞೆಯನ್ನು ಕೊಟ್ಟು ಸದ್ದಡಗಿಸಿದ. ಬಳಿಕ ತಂತಿಯನ್ನು ಮೇಜಿನ ಕಾಲಿಗೆ ಸುತ್ತಿ ಬಿಗಿದ. ಸಂಜೆಯ ಕಾರ್ಯಕ್ರಮ ಚೆನ್ನಾಗಿಯೇ ನಡೆಯಿತು.

ಆದರೂ ಒಂದು ಕೊರತೆ ನನ್ನ ಮನಸ್ಸಿನಲ್ಲಿ ಉಳಿದಿತ್ತು. ಕೀಲಿಗಳ ನಡುವೆ ಸ್ವರವಿಲ್ಲ. ನಮ್ಮ ಸಂಗೀತವಾದರೋ ಬಹುಮಟ್ಟಿಗೆ ಇರುವುದು ಆ ನಡುವೆಯೇ. ಗಮಕವನ್ನು ಹೊರಡಿಸಲಾರದೆಂಬ ಆಕ್ಷೇಪಣೆಗೆ ಗುರಿಯಾಗಿ ಹಾರ್ಮೋನಿಯಂ 1940ರಿಂದ ಸುಮಾರು ಮೂರು ದಶಕ ಆಕಾಶವಾಣಿಯಿಂದ ಹೊರಗುಳಿದಿತ್ತು. ಇದನ್ನು ಹೇಳಿದಾಗ ಅವನು ಎಡಗಡೆಯ ಮೊದಲ ಚಕ್ರವನ್ನು ತೋರಿಸಿದ. ಸ್ವರವನ್ನು ಬಾಗಿಸುವುದು ಅದರ ಕೆಲಸ. ಅದಕ್ಕೆ 128 ಅಂಕೆಗಳು ಸಾಲವೆಂದು ಮೊದಲೇ ಅರಿತು 16,384 ಮೆಟ್ಟಿಲುಗಳನ್ನು ಗೊತ್ತುಮಾಡಿದ್ದಾರೆ. ಆ ಮೆಟ್ಟಿಲುಗಳು ಎಷ್ಟು ದೂರಕ್ಕೆ ಹರಡಿರಬೇಕೆಂಬುದನ್ನು ದನಿ ಹೊರಡಿಸುವ ಕಡೆ ನಿಶ್ಚಯಿಸಬೇಕು. ಸಾಮಾನ್ಯವಾಗಿ ಅದು ಮೇಲಕ್ಕೂ ಕೆಳಕ್ಕೂ ಎರಡೆರಡು ಕೀಲಿಗಳಷ್ಟು ದೂರ. ಷಡ್ಜದಿಂದ ಪಂಚಮಕ್ಕೆ ಜಾರಬೇಕಾದರೆ ಏಳು ಬೇಕು. ಹಾಗೆಂದು ಹನ್ನೆರಡಕ್ಕೆ ಏರಿಸಿದರೆ ಬೆರಳು ಕೂದಲೆಳೆಯಷ್ಟು ತಪ್ಪಿದರೂ ಸ್ವರ ಎಲ್ಲಿಗೋ ಹೋಗುತ್ತದೆ.

ಅವನು ಅದನ್ನು ಎರಡರಲ್ಲಿಯೇ ಬಿಟ್ಟು, "ತೋಡಿಗೆ ಇಷ್ಟು ಸಾಕು, ನೀವೇ ನೋಡಿ" ಎಂದು ಕೀಲಿಮಣೆಯನ್ನು ನನ್ನತ್ತ ಸರಿಸಿದ. ಸಾಧಾರಣ ಗಾಂಧಾರದಿಂದ ಶುದ್ಧ ಮಧ್ಯಮಕ್ಕೆ ಎರಡು, ಶುದ್ಧ ಋಷಭಕ್ಕೂ ಎರಡು. ಲೆಕ್ಕ ಸರಿಯಾಗಿಯೇ ಇತ್ತು. ಬಲಗೈಯಿಂದ ಗಾಂಧಾರವನ್ನು ಒತ್ತಿ, ಎಡಗೈಯಿಂದ ಚಕ್ರವನ್ನು ತೂಗಿದೆ. ಮೊದಲು ಬಂದದ್ದು ಗಾಳಿಗೆ ಕದ ಕಿರುಗುಟ್ಟಿದಂಥ ಸದ್ದು. ತೂಗುವ ವೇಗವನ್ನು ತಗ್ಗಿಸಿ, ಮೇಲೆ ತುಸು ನಿಂತು, ಕೆಳಗೆ ಬೇಗ ಸರಿದು, ಹತ್ತಾರು ಸಲ ಪ್ರಯತ್ನಿಸಿದ ಮೇಲೆ ಒಮ್ಮೆ, ಒಂದೇ ಒಮ್ಮೆ, ತೋಡಿಯ ಗಾಂಧಾರ ಬಂದು ಹೋಯಿತು. ಅದನ್ನು ಮತ್ತೆ ಹಿಡಿಯಲು ಹೋದೆ, ಸಿಕ್ಕಲಿಲ್ಲ. ಶಿಷ್ಯ ಕಾಫಿ ಕುಡಿಯುತ್ತ, "ಇನ್ನೂ ನಿಧಾನ, ಮೇಷ್ಟ್ರೇ" ಎಂದ.